ಮನಸ್ಸಿನ ಕೆಲವು ಮಾತುಗಳು: ರೈತರಿಗೊಂದು ಪಾಠ



ತೋಟ ಮಾಡುವವನಿಗೆ "ಅಡಿಕೆ ಮರ ಕೆಟ್ಟಿದೆ" ಎಂದಷ್ಟೇ ಹೇಳಿದರೆ ಸಾಲದು. ಕೊಳೆಯೋ, ಹಿಡಿಮುಂಡಿಗೆಯೋ, ಅಣಬೆ ರೋಗವೋ ಎಂದು ಅವನು ಒಡನೆ ಕೇಳುತ್ತಾನೆ. ಕೊಳೆಯಾದರೆ ಬೋರ್ಡೋ ದ್ರಾವಣ ಹೊಡೆಯಬೇಕು. ಹಿಡಿಮುಂಡಿಗೆಯಾದರೆ ಬಸಿಗಾಲುವೆ ತೆಗೆದು ನೀರನ್ನು ಹೊರಹಾಕಬೇಕು. ಅಣಬೆ ರೋಗವಾದರೆ ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಬೇಕು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹೆಸರು ತಪ್ಪಿದರೆ ಮದ್ದೂ ತಪ್ಪಿತು, ಫಸಲೂ ಹೋಯಿತು.

ಆದರೆ ಮನೆಯ ಮನುಷ್ಯನ ಮನಸ್ಸು ಕೆಟ್ಟಾಗ ನಾವು ಆಡುವ ಮಾತುಗಳು ಎಷ್ಟು? "ತಲೆ ಕೆಟ್ಟಿದೆ", "ಗಾಳಿ ಸೋಕಿದೆ", "ಸೋಮಾರಿ", "ಗ್ರಹಚಾರ". ಸಾಲದ ಚಿಂತೆಯಲ್ಲಿ ಇಡೀ ರಾತ್ರಿ ನಿದ್ದೆಯಿಲ್ಲದವನಿಗೂ, ಯಾರೂ ಇಲ್ಲದ ಕಡೆ ದನಿ ಕೇಳುವವನಿಗೂ, ಹೆರಿಗೆಯಾದ ಹತ್ತು ದಿನಕ್ಕೆ ಮಗುವಿನ ಮುಖ ನೋಡಲೊಲ್ಲದ ಬಾಣಂತಿಗೂ ಇವೇ ನಾಲ್ಕು ಮಾತು. ಕೊಳೆಗೂ ಹಿಡಿಮುಂಡಿಗೆಗೂ ಒಂದೇ ಹೆಸರಿಟ್ಟಂತೆ ಇದು. ಆದುದರಿಂದ ಈ ಸಂಚಿಕೆಯಲ್ಲಿ ಬೀಜ, ಗೊಬ್ಬರಗಳ ವಿಷಯವನ್ನು ಬಿಟ್ಟು, ಮನಶ್ಶಾಸ್ತ್ರದವರು ಉಪಯೋಗಿಸುವ ಕೆಲವು ಶಬ್ದಗಳ ಅರ್ಥವನ್ನು ನಿಮ್ಮ ಹೊಲ, ಕೊಟ್ಟಿಗೆಗಳ ಉದಾಹರಣೆಯಿಂದಲೇ ತಿಳಿಸಲಾಗಿದೆ.

ಮನಶ್ಶಾಸ್ತ್ರವೆಂದರೇನು?

ಮನಸ್ಸಿನ ವಿಚಾರ ಈ ಸೀಮೆಗೆ ಹೊಸದಲ್ಲ. ಬಳ್ಳಿಗಾವಿಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ಶಿಕಾರಿಪುರದ ನೆಲದವರೇ. ಮನಸ್ಸನ್ನು ಅವರಷ್ಟು ಆಳವಾಗಿ ಕೆದಕಿ ನೋಡಿದವರು ಕಡಮೆ. ಅವರು ತಮ್ಮೊಳಗೆ ತಾವೇ ನೋಡಿಕೊಂಡರು. ಮನಶ್ಶಾಸ್ತ್ರ ಮಾಡುವುದು ಇನ್ನೊಂದು ಬಗೆಯ ಕೆಲಸ. ಮನುಷ್ಯ ಹೇಗೆ ನೋಡುತ್ತಾನೆ, ಕಲಿಯುತ್ತಾನೆ, ಮರೆಯುತ್ತಾನೆ, ಹೆದರುತ್ತಾನೆ ಎಂಬುದನ್ನು ಹೊರಗಿನಿಂದ ಅಳೆದು, ಪ್ರಯೋಗ ಮಾಡಿ, ಒಬ್ಬನಲ್ಲಿ ಕಂಡದ್ದು ನೂರು ಜನರಲ್ಲಿಯೂ ಕಾಣುವುದೇ ಎಂದು ಪರೀಕ್ಷಿಸುವುದು ಅದರ ರೀತಿ. ಜರ್ಮನಿಯ ಲೈಪ್‌ಜಿಗ್ ಪಟ್ಟಣದಲ್ಲಿ 1879ರಲ್ಲಿ ವುಂಟ್ ಎಂಬ ಪಂಡಿತನು ಇದಕ್ಕೆಂದೇ ಪ್ರಯೋಗಶಾಲೆ ತೆರೆದನು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಿಂದೆಯೇ ಪ್ರಾರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿ ಅದಕ್ಕೆ "ಆಕಾಶವಾಣಿ" ಎಂದು ಹೆಸರಿಟ್ಟವರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿದ್ದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಕೊರವಂಜಿ ಪತ್ರಿಕೆಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, ಈ ವಿಷಯವನ್ನು ಕನ್ನಡದಲ್ಲಿ ಬರೆದ "ಮನಮಂಥನ"ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೀಗಾಗಿ ಇದು ಪರದೇಶದವರ ವಿದ್ಯೆಯೆಂದು ದೂರವಿಡಬೇಕಾಗಿಲ್ಲ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ದೇಶದಲ್ಲಿ ಪ್ರಾರಂಭವಾದಾಗ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆದ ಮಾತು ಬೀಜ, ಬಾವಿ, ರಸ್ತೆ, ಶಾಲೆಗಳದು. ಅದು ಬೇಕಾದದ್ದೇ. ಆದರೆ ಬೀಜ ಬಿತ್ತುವ ಕೈಯ ಹಿಂದೆ ಒಂದು ಮನಸ್ಸೂ ಇದೆಯಲ್ಲ?

ಗ್ರಹಿಕೆ

ಗದ್ದೆಯ ಬದುವಿನ ಮೇಲೆ ನೀವೂ ಪೇಟೆಯ ನೆಂಟರೂ ಒಟ್ಟಿಗೆ ನಡೆಯುತ್ತೀರಿ. ಅವರಿಗೆ ಕಾಣುವುದು ಹಸುರು. ನಿಮಗೆ ಕಾಣುವುದು ಮೂರನೆಯ ಮಡಿಯ ಮೂಲೆಯಲ್ಲಿ ಎಲೆಯ ಮೇಲೆದ್ದ ಬೆಂಕಿರೋಗದ ಚುಕ್ಕೆ. ಕಣ್ಣು ಎರಡೂ ಒಂದೇ, ಬಿಸಿಲೂ ಒಂದೇ. ಬಂದ ನೋಟಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಳ್ಳುವುದಕ್ಕೆ ಅವಧಾನವೆಂದೂ, ಆರಿಸಿದ್ದಕ್ಕೆ ಮನಸ್ಸು ತನ್ನ ಹಳೆಯ ಅನುಭವದಿಂದ ಅರ್ಥ ಕೊಡುವುದಕ್ಕೆ ಗ್ರಹಿಕೆಯೆಂದೂ ಹೆಸರು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎಂಬ ಗಾದೆಯಲ್ಲಿರುವುದು ಇದೇ.

ಗ್ರಹಿಕೆ ಒಬ್ಬರನ್ನಷ್ಟೇ ಅಲ್ಲ, ಊರಿಗೆ ಊರನ್ನೇ ಒಂದು ದಾರಿಗೆ ಎಳೆಯುವುದುಂಟು. ಇದಕ್ಕೆ ಸೊರಬ ತಾಲ್ಲೂಕಿನದೇ ನಿದರ್ಶನವಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸೌದೆಗೆ, ಸೊಪ್ಪಿಗೆ, ದನ ಕಾಯಲಿಕ್ಕೆ ಕಾಡಿಗೆ ಹೋದ ಜನಕ್ಕೆ ಭಾರಿ ಜ್ವರ ಬಂದು ಕೆಲವರು ತೀರಿಕೊಂಡರು. ಮಂಗ ಸತ್ತದ್ದೂ ಮನುಷ್ಯ ಸತ್ತದ್ದೂ ಜೊತೆಜೊತೆಯಾಗಿ ಕಂಡಾಗ, ಒಂದು ಇನ್ನೊಂದಕ್ಕೆ ಕಾರಣವೆಂದು ಮನಸ್ಸು ತಾನಾಗಿ ಗಂಟು ಹಾಕಿತು. ಹೀಗೆ ಗಂಟು ಹಾಕಿದವರು ಹಳ್ಳಿಯವರು ಮಾತ್ರವಲ್ಲ. ಬೇರೆ ಖಂಡಗಳ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಇಲ್ಲಿಗೂ ಬಂದಿತೋ ಎಂದು ವಿಜ್ಞಾನಿಗಳೂ ಮೊದಲು ಶಂಕಿಸಿದರು. ಓದಿದ ಮನಸ್ಸು ಓದಿದ್ದನ್ನೇ ಕಾಣುತ್ತದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಅಲ್ಲಿಯವರೆಗೆ ಯಾರೂ ಕಾಣದ ಹೊಸ ವೈರಸ್ ಎಂದೂ, ಅದನ್ನು ಸಾಗಿಸುವುದು ಕಾಡಿನ ಉಣುಗೆಂದೂ ತಿಳಿಯಿತು. ಮಂಗವೂ ನಮ್ಮಂತೆಯೇ ಉಣುಗಿನಿಂದ ಕಚ್ಚಿಸಿಕೊಂಡ ಪ್ರಾಣಿ. ಆದರೆ ಜನರ ಬಾಯಲ್ಲಿ ರೋಗಕ್ಕೆ "ಮಂಗನ ಕಾಯಿಲೆ" ಎಂಬ ಹೆಸರು ನಿಂತುಬಿಟ್ಟಿತು. ಹೆಸರು ಕೇಳಿದವನು ಮರದ ಮೇಲೆ ನೋಡುತ್ತಾನೆ. ಉಣುಗು ಇರುವುದು ಕಾಲ ಬಳಿಯ ದರಗಿನಲ್ಲಿ. ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಾಕಿ ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಅವಶ್ಯ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಸುತ್ತಮುತ್ತ ಇರುತ್ತದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಈ ಜ್ವರ ಕೆಲವರಲ್ಲಿ ಒಮ್ಮೆ ಇಳಿದು, ಕೆಲವು ದಿನ ಬಿಟ್ಟು ಮತ್ತೆ ಏರುತ್ತದೆ. ಆಗ ಕೈ ನಡುಕ, ತಬ್ಬಿಬ್ಬು ಮಾತು, ಗುರುತು ಸಿಗದಿರುವುದು ಕಾಣಬಹುದು. ಅದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಮಿದುಳಿಗೆ ತಟ್ಟಿದ ರೋಗ. ಯಾವ ಜ್ವರದಲ್ಲಿಯಾದರೂ ಮಾತು ತಪ್ಪಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಅನುಬಂಧನ, ಪುನರ್ಬಲನ

ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವನು. ಅನ್ನ ಬಾಯಿಗೆ ಬೀಳುವ ಮೊದಲೇ, ಅನ್ನ ತರುವವನನ್ನು ಕಂಡರೇ ನಾಯಿ ಜೊಲ್ಲು ಸುರಿಸುವುದನ್ನು ಅವನು ಗಮನಿಸಿದನು. ಅನ್ನ ಕೊಡುವ ಮುನ್ನ ಪ್ರತಿಸಲವೂ ಒಂದು ಸದ್ದು ಮಾಡುತ್ತ ಬಂದರೆ, ಕೊನೆಗೆ ಬರಿಯ ಸದ್ದಿಗೇ ಜೊಲ್ಲು ಬರುತ್ತಿತ್ತು. ಸಂಬಂಧವಿಲ್ಲದ ಎರಡು ಹೀಗೆ ಮನಸ್ಸಿನಲ್ಲಿ ಕೂಡಿಕೊಳ್ಳುವುದಕ್ಕೆ ಅನುಬಂಧನವೆಂದು ಹೆಸರು.

ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತಂಬಿಗೆಯ ಸದ್ದು, ಹಿಂಡಿಯ ವಾಸನೆ, ದಿನವೂ ಕರೆಯುವವರ ದನಿ, ಇಷ್ಟಾದರೆ ಕೆಚ್ಚಲಿಗೆ ಕೈ ತಾಗುವ ಮುಂಚೆಯೇ ಹಸು ಹಾಲಿಳಿಸುತ್ತದೆ. ಆ ಸದ್ದಿಗೆ ಅದರ ಮಿದುಳು ಆಕ್ಸಿಟೋಸಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಹಾಲು ಕೆಳಗಿಳಿಯುವುದು ಅದರಿಂದ. ಅದೇ ಹಸುವನ್ನು ಹೊಡೆದು, ಗದರಿಸಿ ಕರೆಯಹೊರಟರೆ ಹೆದರಿಕೆಯ ರಸ ಬಂದು ಹಾಲು ಮೇಲೆಯೇ ನಿಲ್ಲುತ್ತದೆ. "ಕಳ್ಳ ಹಸು" ಎಂದು ಬೈಸಿಕೊಳ್ಳುವ ಹಸುಗಳಲ್ಲಿ ಹಲವು ಹೆದರಿದ ಹಸುಗಳು. ಮಕ್ಕಳ ವಿಷಯವೂ ಇಷ್ಟೇ. ಲೆಕ್ಕ ತಪ್ಪಿದಾಗಲೆಲ್ಲ ಪೆಟ್ಟು ತಿಂದ ಹುಡುಗನಿಗೆ ಪೆಟ್ಟಿನ ಭಯ ಲೆಕ್ಕದ ಪುಸ್ತಕಕ್ಕೇ ಅಂಟಿಕೊಳ್ಳುತ್ತದೆ.

ಇನ್ನು ಪುನರ್ಬಲನ. ಮಾಡಿದ ಕೆಲಸಕ್ಕೆ ಫಲ ಸಿಕ್ಕಿದರೆ ಆ ಕೆಲಸವನ್ನು ಮತ್ತೆ ಮಾಡಬೇಕೆಂಬ ಒಲವು ಬಲಗೊಳ್ಳುತ್ತದೆ ಎಂಬುದು ಇದರ ತಾತ್ಪರ್ಯ. ಇಷ್ಟೇ ಆಗಿದ್ದರೆ ಪಾಠ ಮಾಡುವ ಅಗತ್ಯವಿರಲಿಲ್ಲ. ಅಮೆರಿಕೆಯ ಸ್ಕಿನ್ನರ್ ಎಂಬುವನು ಪೆಟ್ಟಿಗೆಯೊಳಗೆ ಪಾರಿವಾಳಗಳನ್ನೂ ಇಲಿಗಳನ್ನೂ ಇಟ್ಟು ಕಂಡುಹಿಡಿದ ಮುಂದಿನ ಸಂಗತಿಯಲ್ಲಿ ರೈತನ ಹಿತ ಅಡಗಿದೆ. ಗುಂಡಿ ಒತ್ತಿದಾಗಲೆಲ್ಲ ಕಾಳು ಕೊಟ್ಟು, ಆಮೇಲೆ ಕೊಡುವುದನ್ನು ನಿಲ್ಲಿಸಿದರೆ ಹಕ್ಕಿ ಬೇಗನೆ ಒತ್ತುವುದನ್ನು ಬಿಡುತ್ತದೆ. ಆದರೆ ಒಮ್ಮೆ ಮೂರು ಸಲಕ್ಕೆ, ಒಮ್ಮೆ ಇಪ್ಪತ್ತು ಸಲಕ್ಕೆ, ಯಾವಾಗ ಎಂದು ಗೊತ್ತಾಗದಂತೆ ಕಾಳು ಕೊಟ್ಟ ಹಕ್ಕಿ, ಕಾಳು ಪೂರ್ತಿ ನಿಂತ ಮೇಲೂ ಬಿಡದೆ ಒತ್ತುತ್ತಲೇ ಇರುತ್ತದೆ. ಯಾವಾಗಲೋ ಒಮ್ಮೆ ಸಿಗುವ ಫಲವೇ ಮನಸ್ಸನ್ನು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟುತ್ತದೆ.

ಮಟ್ಕಾ, ಓಸಿ ಆಡುವವನು ಸೋತರೂ ಏಕೆ ಬಿಡುವುದಿಲ್ಲ ಎಂಬುದಕ್ಕೆ ಇದು ಉತ್ತರ. ಮಟ್ಕಾ ಆಡುವವನನ್ನು ಬೈಯುವ ನಾವು ಶುಂಠಿಯ ಮುಂದೆ ಏನು ಮಾಡುತ್ತೇವೆಂದು ಸ್ವಲ್ಪ ನೋಡಿಕೊಳ್ಳೋಣ. ಸೊರಬ, ಶಿಕಾರಿಪುರಗಳಲ್ಲಿ ಗದ್ದೆಯನ್ನು ಗೇಣಿಗೆ ಹಿಡಿದು ಶುಂಠಿ ಹಾಕುವವರಿಗೆ ಇದರ ಲೆಕ್ಕ ಗೊತ್ತು. ಒಂದು ವರ್ಷ ಕೊಳೆ, ಒಂದು ವರ್ಷ ಧಾರಣೆ ಇಲ್ಲ, ಮತ್ತೊಂದು ವರ್ಷ ಒಮ್ಮೆಗೇ ಚೀಲಕ್ಕೆ ಕೇಳರಿಯದ ಬೆಲೆ. 2023ರಲ್ಲಿ ಧಾರಣೆ ಏರಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಇಳಿದದ್ದನ್ನು ನೆನೆಯುವವರು ಕಡಮೆ. ಶುಂಠಿ ಹಾಕಲೇಬಾರದೆಂದು ಹೇಳುವುದಕ್ಕೆ ಇದನ್ನು ಬರೆದಿಲ್ಲ. ಆದರೆ "ಈ ಸಲ ಬಂದೇ ಬರುತ್ತದೆ" ಎಂದು ಒಳಗಿನಿಂದ ಒಂದು ಮಾತು ಏಳುತ್ತದಲ್ಲ, ಅದು ಪೇಟೆಯ ಲೆಕ್ಕದಿಂದ ಬಂದದ್ದೋ, ಪಾರಿವಾಳದ ಗುಂಡಿಯಿಂದ ಬಂದದ್ದೋ ಎಂದು ವಿಚಾರಿಸಿ ನೋಡಬೇಕು. ಹಿಂದಿನ ಆರೇಳು ವರ್ಷದ ಖರ್ಚು, ಉತ್ಪತ್ತಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಉತ್ತರ ಸಿಗುತ್ತದೆ. ನೆನಪನ್ನು ನಂಬಿದರೆ ಗೆದ್ದ ವರ್ಷವೊಂದೇ ಮುಂದೆ ಬಂದು ನಿಲ್ಲುತ್ತದೆ.

ಹೋದದ್ದರ ಬೆನ್ನು ಹತ್ತುವುದು

ಕೊಳವೆ ಬಾವಿ ಒಂದು ಕೊರೆಸಿ ನೀರು ಬರಲಿಲ್ಲ. ಎರಡನೆಯದೂ ಬರಲಿಲ್ಲ. "ಇಷ್ಟು ಹಾಕಿದ ಮೇಲೆ ಈಗ ಬಿಟ್ಟರೆ ಹಾಕಿದ್ದೆಲ್ಲ ದಂಡ" ಎಂದು ಮೂರನೆಯದಕ್ಕೆ ಹೆಂಡತಿಯ ಓಲೆ, ಸರ ಅಡವಿಗೆ ಹೋಗುತ್ತವೆ. ಮುಳುಗಿದ ಹಣ ಮುಂದಿನ ತೀರ್ಮಾನವನ್ನು ಎಳೆಯುವ ಈ ದೋಷವನ್ನು ಮನಶ್ಶಾಸ್ತ್ರಜ್ಞರು ಚೆನ್ನಾಗಿ ಪರೀಕ್ಷಿಸಿದ್ದಾರೆ. ಇದರ ಬೇರು ನಷ್ಟದ ಭಯದಲ್ಲಿದೆ. ಕಾನ್ಮನ್, ಟ್ವೆರ್ಸ್ಕಿ ಎಂಬಿಬ್ಬರು 1979ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವೇನೆಂದರೆ, ನೂರು ರೂಪಾಯಿ ಬಂದ ಸಂತೋಷಕ್ಕಿಂತ ನೂರು ರೂಪಾಯಿ ಹೋದ ಸಂಕಟ ದೊಡ್ಡದು. ಅವರ ಮುಂದಿನ ಲೆಕ್ಕದಲ್ಲಿ ಸುಮಾರು ಎರಡರಷ್ಟು. ಆ ಸಂಕಟವನ್ನು ಒಪ್ಪಿಕೊಳ್ಳಲಾರದೆ ಮನುಷ್ಯ ಇನ್ನೂ ದೊಡ್ಡ ಪಣಕ್ಕೆ ಕೈ ಹಾಕುತ್ತಾನೆ. ಕಾನ್ಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು.

ಇದನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ಒಂದು ಪ್ರಶ್ನೆಯಿದೆ. ಮೊದಲಿನ ಎರಡು ಬಾವಿಗಳನ್ನು ಈ ಜಮೀನಿನ ಹಿಂದಿನ ಯಜಮಾನ ಕೊರೆಸಿದ್ದನೆಂದು ಭಾವಿಸಿ. ಆಗಲೂ ನೀವು ಈ ಮೂರನೆಯದನ್ನು ಕೊರೆಸುವಿರೇನು? ಹೌದೆಂದಾದರೆ ಕೊರೆಸಬಹುದು. ಇಲ್ಲವೆಂದಾದರೆ ನಿಮ್ಮನ್ನು ಎಳೆಯುತ್ತಿರುವುದು ನೀರಲ್ಲ, ಹೋದ ಹಣ.

ಚಿಂತೆಯ ಹೊರೆ

2013ರಲ್ಲಿ ಪ್ರಕಟವಾದ ಒಂದು ಅಭ್ಯಾಸ ರೈತರ ಮೇಲೆಯೇ ನಡೆದದ್ದು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಅದೇ ಮನುಷ್ಯ ಕಟಾವಿಗೆ ಮುಂಚೆ ಕಡಮೆ ಅಂಕ ಪಡೆದನು. ಆ ಲೆಕ್ಕ ಎಷ್ಟು ಗಟ್ಟಿಯೆಂಬ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಡೆದದ್ದುಂಟು. ಆದರೆ ಅದು ತೋರಿಸಹೊರಟ ದಿಕ್ಕು ನಮ್ಮ ಅನುಭವಕ್ಕೆ ಹತ್ತಿರವಾಗಿದೆ. ಬಡವನಿಗೆ ಬುದ್ಧಿ ಕಡಮೆಯೆಂದು ಹೇಳುವವರಿಗೆ ಇದು ಒಳ್ಳೆಯ ಉತ್ತರವೆಂದು ನನ್ನ ಅಭಿಪ್ರಾಯ. ಬುದ್ಧಿ ಇದ್ದೇ ಇದೆ; ಸಾಲದ ಚಿಂತೆ ಅದರ ಮೇಲೆ ಮೂಟೆಯಂತೆ ಕುಳಿತಿದೆ. ಆದುದರಿಂದ ಕೈ ಬರಿದಾದ ತಿಂಗಳುಗಳಲ್ಲಿ ಸಾಲಪತ್ರಕ್ಕಾಗಲಿ, ಜಮೀನಿನ ಕರಾರಿಗಾಗಲಿ ಒಬ್ಬರೇ ಕುಳಿತು ರುಜು ಹಾಕಕೂಡದು. ಪತ್ರವನ್ನು ಮನೆಗೆ ತಂದು, ಓದುಬಲ್ಲ ಇನ್ನೊಬ್ಬರಿಂದ ಓದಿಸಿ, ಒಂದು ರಾತ್ರಿ ಕಳೆದು ಹಾಕುವುದು ಲೇಸು.

ಚಿಂತೆಗೂ ಆತಂಕಕ್ಕೂ ಅಂತರವಿದೆ. ಮಳೆ ಬರಲಿಲ್ಲವೆಂಬುದು ಚಿಂತೆ. ಮಳೆ ಬಂದ ಮೇಲೆ ಅದು ಹೋಗುತ್ತದೆ. ಕಾರಣ ಹೋದರೂ ಹೋಗದೆ, ಎದೆ ಹೊಡೆದುಕೊಂಡು, ಅಂಗೈ ಬೆವೆತು, ಏನೋ ಕೇಡಾಗುತ್ತದೆಂದು ತಿಂಗಳುಗಟ್ಟಲೆ ಕಾಡುವುದು ಆತಂಕ. ಇದಕ್ಕೆ ಚಿಕಿತ್ಸೆಯಿದೆ. ಹೆಂಡ, ಸಾರಾಯಿಗಳು ಚಿಕಿತ್ಸೆಯಲ್ಲ. ಅವು ಆ ರಾತ್ರಿ ಮರೆಸಿ ಮರುದಿನ ಬಡ್ಡಿಸಹಿತ ವಸೂಲು ಮಾಡುತ್ತವೆ.

ಇಲ್ಲಿಯೇ ಸೇರುವ ಇನ್ನೊಂದು ಮಾತು ಕಲಿತ ಅಸಹಾಯಕತೆ. 1967ರಲ್ಲಿ ಸೆಲಿಗ್ಮನ್, ಮೇಯರ್ ಎಂಬುವರು ತೋರಿಸಿದಂತೆ, ಏನು ಮಾಡಿದರೂ ತಪ್ಪದ ಪೆಟ್ಟು ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಎದುರಿಗಿದ್ದರೂ ಏಳದೆ ಮಲಗಿಬಿಟ್ಟವು. ಸತತ ಮೂರು ವರ್ಷ ಬೆಳೆ ಹೋದವನು "ನನ್ನ ಹಣೆಬರಹ ಇಷ್ಟೇ" ಎಂದು ಬೆಳೆವಿಮೆಯ ಅರ್ಜಿಯನ್ನೂ ತುಂಬದೆ ಕುಳಿತರೆ ಅವನನ್ನು ಸೋಮಾರಿಯೆನ್ನುವುದು ಅನ್ಯಾಯ. ಅವರೇ 2016ರಲ್ಲಿ ತಮ್ಮ ಮಾತನ್ನು ತಿದ್ದಿ ಬರೆದರು: ಪೆಟ್ಟಿನ ಕೆಳಗೆ ಕುಗ್ಗುವುದು ಪ್ರಾಣಿಗೆ ಸಹಜ, "ನನ್ನ ಕೈಯಲ್ಲಿ ಏನೋ ಇದೆ" ಎಂಬುದೇ ಕಲಿಯಬೇಕಾದ ವಿದ್ಯೆ. ಅಂಥವನಿಗೆ ಉಪದೇಶ ಮಾಡುವುದಕ್ಕಿಂತ ಜೊತೆಗೆ ಕರೆದುಕೊಂಡು ಹೋಗಿ ಆ ಅರ್ಜಿ ತುಂಬಿಸುವುದು ಹೆಚ್ಚಿನ ಉಪಕಾರ.

ಭ್ರಮೆ ಮತ್ತು ಭ್ರಾಂತಿ

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯರನ್ನು ಒಂದೇ ದಿನ ನೋಡಿಬರುವ ಭಕ್ತರು ಹಲವರು. ಶಿಕಾರಿಪುರದ ಸ್ವಾಮಿಗೆ ಹುಚ್ಚರಾಯನೆಂದೇ ರೂಢಿಯ ಹೆಸರು. ಈ ಹೆಸರಿಗೆ ದಿನವೂ ಕೈಮುಗಿಯುವ ನಾವು ಮನುಷ್ಯರಿಗೆ ಮಾತ್ರ "ಹುಚ್ಚ" ಎಂಬುದನ್ನು ಬೈಗುಳವಾಗಿ ಎಸೆಯುವುದು ಸರಿಯಲ್ಲ.

ಹಗ್ಗವನ್ನು ಹಾವೆಂದು ಕಾಣುವುದು ತಪ್ಪು ಗ್ರಹಿಕೆ. ದೀಪ ತಂದರೆ ಹೋಗುತ್ತದೆ. ಹಗ್ಗವೇ ಇಲ್ಲದಲ್ಲಿ ಹಾವು ಕಾಣುವುದು, ಯಾರೂ ಇಲ್ಲದ ಕೋಣೆಯಲ್ಲಿ ಬೈಗುಳ ಕೇಳುವುದು ಭ್ರಮೆ. ಅಣ್ಣ ಅನ್ನದಲ್ಲಿ ವಿಷ ಹಾಕಿದ್ದಾನೆ, ಇಡೀ ಊರು ನನ್ನ ವಿಷಯವನ್ನೇ ಮಾತಾಡುತ್ತಿದೆ ಎಂದು, ಎಷ್ಟು ಸಾಕ್ಷಿ ತೋರಿಸಿದರೂ ಅಲುಗದೆ ನಂಬುವುದು ಭ್ರಾಂತಿ. ಇವನ್ನು ವಾದ ಮಾಡಿ ಬಿಡಿಸಲಾಗದು. ಕೇಳುವವನಿಗೆ ಆ ದನಿ ನಿಜವಾಗಿಯೂ ಕೇಳುತ್ತಿರುತ್ತದೆ. ಸ್ಕಿಜೋಫ್ರೀನಿಯಾ ಎಂಬ ರೋಗದಲ್ಲಿ ಇವು ಕಾಣುವುದು ಹೆಚ್ಚು. ಸಾಮಾನ್ಯವಾಗಿ ಹರೆಯದಲ್ಲಿ ಪ್ರಾರಂಭವಾಗುವ ಈ ರೋಗ ತಂದೆತಾಯಿಗಳ ತಪ್ಪಿನಿಂದ ಬರುವುದಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ನಿಮ್ಹಾನ್ಸಿನ ವೈದ್ಯರು 2005ರ ಸುಮಾರಿನಿಂದ ಇಂಥ ರೋಗಿಗಳನ್ನು ಹಳ್ಳಿಗಳಲ್ಲಿ ಗುರುತಿಸಿ, ಊರಿನ ಹತ್ತಿರವೇ ಔಷಧಿ ಕೊಟ್ಟು, ವರ್ಷಗಟ್ಟಲೆ ಗಮನಿಸಿದ್ದಾರೆ. ಔಷಧಿ ತೆಗೆದುಕೊಂಡವರು ದಿನದ ಕೆಲಸಗಳಲ್ಲಿ ತೆಗೆದುಕೊಳ್ಳದವರಿಗಿಂತ ಎಷ್ಟೋ ಮೇಲಾಗಿದ್ದರು. ದೇವರಿಗೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಜೊತೆಯಲ್ಲಿ ಮಾತ್ರೆಯೂ ನಡೆಯಲಿ. ಕಟ್ಟಿಹಾಕುವುದು, ಬರೆ ಹಾಕಿಸುವುದು, ಹೊಗೆ ಕುಡಿಸುವುದು ಮಾತ್ರ ಕೂಡದು. ಮಾನಸಿಕ ರೋಗಿಯನ್ನು ಸರಪಳಿಯಲ್ಲಿಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಬಾಣಂತಿಯರಲ್ಲಿ ಹೆರಿಗೆಯಾದ ಕೆಲವು ದಿನಗಳಲ್ಲಿಯೇ ನಿದ್ದೆ ಪೂರ್ತಿ ಹೋಗಿ ಇಂಥದೇ ಲಕ್ಷಣ ಕಾಣುವುದುಂಟು. ಹಿರಿಯರು ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಇದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಆದರೆ ಬೇಗ ತೋರಿಸಿದರೆ ಚೆನ್ನಾಗಿ ಗುಣವಾಗುತ್ತದೆ.

ದುಃಖವೇ ಬೇರೆ, ಖಿನ್ನತೆಯೇ ಬೇರೆ

ಈ ಪಾಠದಲ್ಲಿ ಒಂದೇ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಬೇಕೆಂದಾದರೆ ಇದನ್ನು ಓದಿಸಿ.

ಎತ್ತು ಸತ್ತರೆ ಅಳು ಬರುತ್ತದೆ. ಒಡಹುಟ್ಟಿದವರು ಹೋದರೆ ತಿಂಗಳುಗಟ್ಟಲೆ ಅನ್ನ ರುಚಿಸುವುದಿಲ್ಲ. ಇದು ದುಃಖ, ರೋಗವಲ್ಲ. ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಗುವನ್ನು ಕಂಡರೆ ನಗು ಬರುತ್ತದೆ. ಖಿನ್ನತೆಯಲ್ಲಿ ಆ ನಡುವಿನ ಬಿಡುವು ಇಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗುವುದು, ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ತಾನು ಯಾರಿಗೂ ಬೇಡವೆಂಬ, ಎಲ್ಲವೂ ತನ್ನದೇ ತಪ್ಪೆಂಬ ಭಾವ, ಸಾವಿನ ಯೋಚನೆ. ಇವುಗಳಲ್ಲಿ ಹಲವು ಒಟ್ಟಿಗೆ ಬಂದರೆ ಅದು ಖಿನ್ನತೆ.

ನಮ್ಮ ರೈತರು ಡಾಕ್ಟರ ಮುಂದೆ "ಮನಸ್ಸಿಗೆ ಸರಿಯಿಲ್ಲ" ಎನ್ನುವುದು ಅಪರೂಪ. ಕೈಕಾಲು ಸೆಳೆತ, ತಲೆ ಭಾರ, ಎದೆ ಉರಿ, ನಿಶ್ಶಕ್ತಿ ಎಂದು ಹೇಳಿ ಸೂಜಿ ಹಾಕಿಸಿಕೊಂಡು ಬರುತ್ತಾರೆ. ಸೂಜಿಯಿಂದ ಹೋಗದ ನೋವು ತಿಂಗಳುಗಟ್ಟಲೆ ಇದ್ದು, ಜೊತೆಗೆ ನಿದ್ದೆಯೂ ಆಸಕ್ತಿಯೂ ಹೋಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಮನೆಯವರು ಗಮನಿಸಬೇಕಾದ್ದು ಮನುಷ್ಯನ ಕೆಲಸವನ್ನು. ಎಂದೂ ತಪ್ಪದೆ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದವನು ಹೋಗುವುದಿಲ್ಲ. ದನದ ಮೈ ತೊಳೆಯುತ್ತಿದ್ದವನು ಅದರ ಕಡೆ ನೋಡುವುದಿಲ್ಲ. ಸಂತೆಗೆ ಹೋಗುವುದನ್ನು ಬಿಟ್ಟಿದ್ದಾನೆ. ಇಂಥವನಿಗೆ "ಧೈರ್ಯ ತಂದುಕೋ" ಎನ್ನುವುದು ಕಾಲು ಮುರಿದವನಿಗೆ ಎದ್ದು ನಡೆ ಎಂದಂತೆ. ಔಷಧಿಯೂ ಉಂಟು, ಆಪ್ತಸಮಾಲೋಚನೆಯೂ ಉಂಟು. ಔಷಧಿ ನಾಟಲು ಎರಡರಿಂದ ಆರು ವಾರ ಬೇಕು. ಮೂರು ದಿನ ನುಂಗಿ "ಹಿಡಿಯಲಿಲ್ಲ" ಎಂದು ಬಿಡಬಾರದು. ಇದು ಚಟ ಹಿಡಿಸುವ ಔಷಧಿಯಲ್ಲ. ಆದರೆ ಗುಣ ಕಂಡಿತೆಂದು ಡಾಕ್ಟರನ್ನು ಕೇಳದೆ ಒಮ್ಮೆಗೇ ನಿಲ್ಲಿಸಲೂ ಬಾರದು.

ಆವೇಗ

ಕೊನೆಯ ಶಬ್ದ ಆವೇಗ. ಯೋಚನೆಯನ್ನು ಮೀರಿ ಒಮ್ಮೆಗೇ ನುಗ್ಗಿಬರುವ ಒತ್ತಡವಿದು. ಜೀವ ಕಳೆದುಕೊಳ್ಳುವವರೆಲ್ಲ ಬಹುಕಾಲ ಯೋಚಿಸಿ ತೀರ್ಮಾನಿಸಿದವರೆಂದು ನಾವು ತಿಳಿದಿದ್ದೇವೆ. ಹಲವರಲ್ಲಿ ಹಾಗಲ್ಲ. ಒಂದು ಜಗಳ, ಸಾಲಗಾರನ ಒಂದು ಮಾತು, ಒಂದು ಕೆಟ್ಟ ಗಳಿಗೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಕ್ಕಿತು ಎಂಬುದರ ಮೇಲೆ ಉಳಿದದ್ದು ನಿಂತಿರುತ್ತದೆ. ಆವೇಗ ಮಳೆಗಾಲದ ಹಳ್ಳದಂತೆ ಏರಿ ಇಳಿಯುವಂಥದು. ಇಳಿಯುವವರೆಗೆ ದಾಟದೆ ನಿಂತರೆ ಬದುಕಿದ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇಳಿಯಿತು. ಜನರ ಕಷ್ಟಗಳು ಅಷ್ಟು ಇಳಿದಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಬದಲಾಗಿತ್ತು.

ಆದುದರಿಂದ ಕೀಟನಾಶಕ, ಕಳೆನಾಶಕಗಳನ್ನು ಆ ಬೆಳೆಗೆ ಬೇಕಾದಷ್ಟೇ ತರಬೇಕು. ಉಳಿದದ್ದನ್ನು ಅಟ್ಟದ ಮೇಲೆ, ಮಂಚದ ಕೆಳಗೆ ಇಡಕೂಡದು. ವಾಸದ ಮನೆಯಿಂದ ದೂರವಾಗಿ ಬೀಗದ ಪೆಟ್ಟಿಗೆಯಲ್ಲಿಟ್ಟು, ಕೀಲಿಕೈಯನ್ನು ಮನೆಯಲ್ಲಿ ನೆಮ್ಮದಿಯಾಗಿರುವ ಇನ್ನೊಬ್ಬರ ಹತ್ತಿರ ಕೊಟ್ಟಿರಬೇಕು. ಯ���ರಾದರೂ ತೀರ ಕುಗ್ಗಿದ್ದಾರೆಂದು ಕಂಡರೆ "ಸಾಯಬೇಕೆಂದು ಅನಿಸುತ್ತದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಕೇಳಿಸಿಕೊಂಡವರಿಗೆ ಭಾರ ಇಳಿಯುತ್ತದೆ. ಹೌದೆಂದರೆ ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡದೆ, ಬೆಳಗಾಗುತ್ತಲೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಿಷವನ್ನೇನಾದರೂ ಸೇವಿಸಿದ್ದರೆ ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡಬೇಡಿ. 2017ರ ಕಾಯಿದೆಯ 115ನೆಯ ಕಲಮಿನ ಪ್ರಕಾರ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೇ ಹೊರತು ಅಪರಾಧಿಗಳೆಂದಲ್ಲ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಯಾವ ಔಷಧಿಯೆಂದು ಡಾಕ್ಟರಿಗೆ ತಿಳಿಯಬೇಕು.

ಆಸ್ಪತ್ರೆ ದೂರವಾದರೆ, ಅಥವಾ ಮಾತಾಡಲು ಯಾರೂ ಇಲ್ಲವೆನಿಸಿದರೆ, 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ ಇದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಸಂಖ್ಯೆ 14416. ಇದನ್ನು ಕತ್ತರಿಸಿ ಪಂಚಾಂಗದ ಪಕ್ಕ ಅಂಟಿಸಿಡಿ.